ಹಳೆಯ ಡೆಸ್ಕ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು: ಸ್ಲಾಟ್ ಗುರುತಿಸುವುದರಿಂದ ಡ್ರೈವರ್‌ವರೆಗೆ

ಪೆಂಟಿಯಂ 2, ಪೆಂಟಿಯಂ 3, ಅಥ್ಲಾನ್ ಎಕ್ಸ್‌ಪಿ ಕಾಲದ ಡೆಸ್ಕ್‌ಟಾಪ್‌ಗೆ ಕಾರ್ಡ್ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವುದು ಹೆಚ್ಚು ವೇಗದ್ದು’ ಎಂದು. ಈ ಪ್ರಶ್ನೆ ಕೊನೆಗೆ ಬರಬೇಕು. ಮದರ್‌ಬೋರ್ಡಿನ ಸ್ಲಾಟ್ ಎಷ್ಟು ವೋಲ್ಟಿನದು, ಆ ಸ್ಲಾಟಿಗೆ ಬೋರ್ಡು ಮತ್ತು ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ಎಷ್ಟು ಕರೆಂಟ್ ಕೊಡಬಲ್ಲವು, ನೀವು ಬಳಸುವ ವಿಂಡೋಸ್‌ಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಉಂಟೇ, ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯುವ ಕಾರ್ಡುಗಳಲ್ಲಿ ವೇಗದ್ದನ್ನು ಆರಿಸಿ. ತಪ್ಪು ಕಾರ್ಡ್ ಹಾಕಿದರೆ ಚಿತ್ರ ಬಾರದೆ ಇರುವುದಷ್ಟೇ ಅಲ್ಲ, ಕೆಲವೊಮ್ಮೆ ಬೋರ್ಡೇ ಸುಟ್ಟುಹೋಗುತ್ತದೆ. ಇಂಥ ಬೋರ್ಡುಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಕಳೆದುಕೊಂಡರೆ ಇನ್ನೊಂದನ್ನು ಹುಡುಕಿಕೊಂಡೇ ಹೋಗಬೇಕು.

ಯಾವ ಸ್ಲಾಟ್ ಇದೆ

ಕ್ಯಾಬಿನೆಟ್ ತೆರೆದು ನೋಡಿ. ಉದ್ದನೆಯ ಕಪ್ಪು ಸ್ಲಾಟ್ ಐಎಸ್‌ಎ. ಅದರ ಬಾಲಕ್ಕೆ ಇನ್ನೊಂದು ಕಂದು ತುಂಡು ಜೋಡಿಸಿದಂತಿದ್ದರೆ ಅದು 486 ಕಾಲದ ವೆಸಾ ಲೋಕಲ್ ಬಸ್. ಗಿಡ್ಡನೆಯ, ಹೆಚ್ಚಾಗಿ ಬಿಳಿ ಬಣ್ಣದವು ಪಿಸಿಐ. ಪಿಸಿಐ ಸಾಲಿನ ಪಕ್ಕದಲ್ಲಿ, ಕ್ಯಾಬಿನೆಟ್ಟಿನ ಹಿಂಬದಿಯಿಂದ ಸ್ವಲ್ಪ ಒಳಕ್ಕೆ ಸರಿದು, ಪ್ರೊಸೆಸರಿಗೆ ಹತ್ತಿರವಾಗಿ ಒಂಟಿಯಾಗಿ ನಿಂತಿರುವ ಸ್ಲಾಟ್ ಎಜಿಪಿ. ಇದು ಸಾಮಾನ್ಯವಾಗಿ ಕಂದು ಬಣ್ಣದ್ದು. ಒಂದು ಬೋರ್ಡಿನಲ್ಲಿ ಎಜಿಪಿ ಒಂದೇ ಇರುತ್ತದೆ.

ವೇಗದ ಅಂತರ ದೊಡ್ಡದು. 32 ಬಿಟ್, 33 ಮೆಗಾಹರ್ಟ್ಸ್ ಪಿಸಿಐಗೆ ಸೆಕೆಂಡಿಗೆ 133 ಮೆಗಾಬೈಟ್ ಮಿತಿ. ಅದನ್ನೂ ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಹಾರ್ಡ್ ಡಿಸ್ಕ್ ಕಂಟ್ರೋಲರ್ ಎಲ್ಲವೂ ಹಂಚಿಕೊಳ್ಳಬೇಕು. ಎಜಿಪಿಯ ಹಾದಿ ಗ್ರಾಫಿಕ್ಸ್‌ಗೆ ಮಾತ್ರ ಮೀಸಲು. ಅದಕ್ಕೆ ನಾಲ್ಕು ವೇಗದ ಮಟ್ಟಗಳಿವೆ: 1ಎಕ್ಸ್‌ನಲ್ಲಿ 266, 2ಎಕ್ಸ್‌ನಲ್ಲಿ 533, 4ಎಕ್ಸ್‌ನಲ್ಲಿ 1066, 8ಎಕ್ಸ್‌ನಲ್ಲಿ 2133 ಮೆಗಾಬೈಟ್. ಹಾಗಾಗಿ ಎಜಿಪಿ ಇದ್ದರೆ ಅದನ್ನೇ ಬಳಸಿ.

ಬ್ರ್ಯಾಂಡೆಡ್ ಯಂತ್ರಗಳು ಹಲವು ಬೋರ್ಡಿನಲ್ಲೇ ಗ್ರಾಫಿಕ್ಸ್ ಚಿಪ್ ಇಟ್ಟುಕೊಂಡು ಎಜಿಪಿ ಸ್ಲಾಟ್ ಇಲ್ಲದೆ ಬಂದವು. ಅವಕ್ಕೆ ಪಿಸಿಐ ಕಾರ್ಡೇ ಗತಿ. ವೂಡೂ3 2000 ಮತ್ತು 3000, ಜಿಫೋರ್ಸ್2 ಎಂಎಕ್ಸ್, ಜಿಫೋರ್ಸ್4 ಎಂಎಕ್ಸ್ 440, ಜಿಫೋರ್ಸ್ ಎಫ್‌ಎಕ್ಸ್ 5200, ರೇಡಿಯಾನ್ 7000, ರೇಡಿಯಾನ್ 9250 ಪಿಸಿಐ ರೂಪದಲ್ಲೂ ಬಂದಿವೆ. ಒಂದು ಎಚ್ಚರಿಕೆ: 1990ರ ದಶಕದ ಮಧ್ಯದ ಸಾಕೆಟ್ 5, ಸಾಕೆಟ್ 7 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಬಗೆಗಳು) ಬೋರ್ಡುಗಳಲ್ಲಿ ಎಷ್ಟೋ ಪಿಸಿಐ ಸ್ಲಾಟುಗಳಿಗೆ 3.3 ವೋಲ್ಟ್ ಕೊಡುವುದೇ ಇಲ್ಲ, 5 ವೋಲ್ಟ್ ಮಾತ್ರ. ಸ್ಲಾಟಿನಿಂದ 3.3 ವೋಲ್ಟ್ ನಿರೀಕ್ಷಿಸುವ ನಂತರದ ಕಾರ್ಡ್ ಅಲ್ಲಿ ಸರಿಯಾಗಿ ಕೂರುತ್ತದೆ, ಹಾನಿಯೂ ಆಗುವುದಿಲ್ಲ, ಆದರೆ ಏಳುವುದಿಲ್ಲ. ಕಾರ್ಡ್ ಸತ್ತಿದೆ ಎಂದು ಎಸೆಯುವ ಮೊದಲು ಬೇರೆ ಯಂತ್ರದಲ್ಲಿ ಹಾಕಿ ನೋಡಿ.

ಎಜಿಪಿ ವೋಲ್ಟೇಜ್: ಇಲ್ಲಿ ಆತುರ ಬೇಡ

ಎಜಿಪಿ ಮೂರು ತಲೆಮಾರುಗಳಲ್ಲಿ ಬಂತು. ಮೊದಲನೆಯದು 1ಎಕ್ಸ್, 2ಎಕ್ಸ್ ವೇಗದ್ದು, ಅದರ ಸಂಕೇತ (ಸಿಗ್ನಲ್) 3.3 ವೋಲ್ಟಿನದು. ಎರಡನೆಯದು 4ಎಕ್ಸ್, 1.5 ವೋಲ್ಟ್. ಮೂರನೆಯದು 8ಎಕ್ಸ್, ಸಂಕೇತ 0.8 ವೋಲ್ಟ್, ಆದರೆ ಸ್ಲಾಟಿನ ಆಕಾರ 1.5 ವೋಲ್ಟಿನದೇ. ತಪ್ಪು ಕಾರ್ಡ್ ಕೂರದಿರಲೆಂದು ಸ್ಲಾಟಿನಲ್ಲಿ ಒಂದು ಪ್ಲಾಸ್ಟಿಕ್ ತಡೆ, ಅದಕ್ಕೆ ಹೊಂದುವಂತೆ ಕಾರ್ಡಿನ ಅಂಚಿನಲ್ಲಿ ಒಂದು ಕಚ್ಚು ಇಟ್ಟಿದ್ದಾರೆ.

ಓದುವ ಕ್ರಮ ಹೀಗೆ. ತಡೆ ಕ್ಯಾಬಿನೆಟ್ಟಿನ ಹಿಂಬದಿಗೆ, ಎಂದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಕಡೆಗೆ ಹತ್ತಿರವಿದ್ದರೆ ಸ್ಲಾಟ್ 3.3 ವೋಲ್ಟಿನದು. ತಡೆ ಅದರಿಂದ ದೂರ, ಬೋರ್ಡಿನ ಒಳಭಾಗದ ಕಡೆಗಿದ್ದರೆ 1.5 ವೋಲ್ಟ್. ತಡೆಯೇ ಇಲ್ಲದಿದ್ದರೆ ಎರಡನ್ನೂ ಒಪ್ಪುವ ಯೂನಿವರ್ಸಲ್ ಸ್ಲಾಟ್. ಕಾರ್ಡಿನಲ್ಲೂ ಅದೇ ಲೆಕ್ಕ: ಲೋಹದ ಬ್ರ್ಯಾಕೆಟ್ಟಿಗೆ ಹತ್ತಿರದ ಕಚ್ಚು 3.3 ವೋಲ್ಟಿಗೆ, ದೂರದ ಕಚ್ಚು 1.5 ವೋಲ್ಟಿಗೆ, ಎರಡೂ ಕಚ್ಚು ಇದ್ದರೆ ಎರಡಕ್ಕೂ ಸಲ್ಲುತ್ತದೆ.

ಚಿಪ್‌ಸೆಟ್ (ಬೋರ್ಡನ್ನು ನಿಯಂತ್ರಿಸುವ ಮುಖ್ಯ ಚಿಪ್ಪುಗಳು) ಹೆಸರು ಗೊತ್ತಿದ್ದರೆ ಇನ್ನೂ ಸುಲಭ. ಇಂಟೆಲ್ 440ಎಲ್‌ಎಕ್ಸ್, 440ಬಿಎಕ್ಸ್ ಬೋರ್ಡುಗಳು 3.3 ವೋಲ್ಟ್, 2ಎಕ್ಸ್‌ವರೆಗೆ. ಇಂಟೆಲ್ 815, ವಯಾ ಅಪೊಲೊ ಪ್ರೊ 133ಎ, ಕೆಟಿ133 ಸಾಮಾನ್ಯವಾಗಿ ಯೂನಿವರ್ಸಲ್. ಇಂಟೆಲ್ 845, 850, 865, 875 ಮತ್ತು ಎನ್‌ವಿಡಿಯಾ ಎನ್‌ಫೋರ್ಸ್2 ಬೋರ್ಡುಗಳು 1.5 ವೋಲ್ಟಿನವು. ಇವುಗಳಿಗೆ 3.3 ವೋಲ್ಟಿನ ಕಾರ್ಡ್ ತಾಗಿಸಲೂ ಬಾರದು.

ಇಷ್ಟಾದರೂ ಕಚ್ಚನ್ನೇ ನಂಬಿ ಕೂರುವಂತಿಲ್ಲ. 3.3 ವೋಲ್ಟಿನಲ್ಲಿ ಮಾತ್ರ ನಡೆಯುವ ಚಿಪ್ಪನ್ನು ಎರಡು ಕಚ್ಚಿನ ಹಲಗೆಯ ಮೇಲೆ ಕೂರಿಸಿ ಮಾರಿದ ಅಗ್ಗದ ಕಾರ್ಡುಗಳು ಆ ಕಾಲದಲ್ಲಿ ಬಂದಿದ್ದವು. ರೀವಾ ಟಿಎನ್‌ಟಿ2 ಎಂ64, ವ್ಯಾಂಟಾ, ಸಿಸ್ 305 ಚಿಪ್ಪಿನ ಕೆಲವು ಕಾರ್ಡುಗಳಲ್ಲಿ ಇದು ಕಂಡುಬಂದಿದೆ. ಇಂಥದ್ದು 845 ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತದೆ. ಸ್ವಿಚ್ ಒತ್ತಿದ ಕ್ಷಣ 1.5 ವೋಲ್ಟಿಗೆ ಒಗ್ಗಿದ, ಚಿಪ್‌ಸೆಟ್ಟಿನ ಭಾಗವಾದ ನಾರ್ತ್‌ಬ್ರಿಜ್ ಚಿಪ್ಪಿಗೆ 3.3 ವೋಲ್ಟ್ ನುಗ್ಗುತ್ತದೆ, ಬೋರ್ಡಿನ ಕತೆ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ 1.5 ವೋಲ್ಟಿನ ಬೋರ್ಡಿಗೆ 2000ಕ್ಕಿಂತ ಹಿಂದಿನ ಚಿಪ್ಪಿನ ಕಾರ್ಡ್ ಹಾಕಲೇಬೇಡಿ, ಅದರಲ್ಲಿ ಎಷ್ಟು ಕಚ್ಚುಗಳಿದ್ದರೂ ಸರಿ. ವೂಡೂ3, ವೂಡೂ5 5500 ಎಜಿಪಿ ಕಾರ್ಡುಗಳು 3.3 ವೋಲ್ಟಿನವು ಎಂಬುದನ್ನು ಇದರೊಂದಿಗೇ ನೆನಪಿಡಿ.

ಕರೆಂಟ್ ಎಲ್ಲಿಂದ ಬರುತ್ತದೆ

ಎಜಿಪಿ ಸ್ಲಾಟ್ ನಿಯಮದ ಪ್ರಕಾರ 3.3 ವೋಲ್ಟಿನಲ್ಲಿ 6 ಆಂಪಿಯರ್, 5 ವೋಲ್ಟಿನಲ್ಲಿ 2, 12 ವೋಲ್ಟಿನಲ್ಲಿ 1 ಆಂಪಿಯರ್ ಕೊಡಬೇಕು. ಒಟ್ಟು ಸುಮಾರು 42 ವ್ಯಾಟ್. ಕಾಗದದ ಮೇಲಿನ ಈ ಲೆಕ್ಕವನ್ನು 1997–99ರ ಬೋರ್ಡುಗಳೆಲ್ಲ ಪಾಲಿಸಿರಲಿಲ್ಲ. ಎಟಿ ಎಂಬ ಹಳೆಯ ಮಾದರಿಯ ಎಸ್‌ಎಂಪಿಎಸ್‌ನಲ್ಲಿ 3.3 ವೋಲ್ಟಿನ ತಂತಿಯೇ ಇಲ್ಲ. ಅಂಥ ಬೋರ್ಡುಗಳು, ಅದರ ನಂತರ ಬಂದ ಎಟಿಎಕ್ಸ್ ಮಾದರಿಯ ಕೆಲವು ಬೋರ್ಡುಗಳು ಕೂಡ, 5 ವೋಲ್ಟನ್ನು ಒಂದು ರೆಗ್ಯುಲೇಟರ್ ಮೂಲಕ 3.3ಕ್ಕೆ ಇಳಿಸಿ ಅದನ್ನೇ ಚಿಪ್‌ಸೆಟ್, ಮೆಮೊರಿ, ಎಜಿಪಿ ಮೂರಕ್ಕೂ ಹಂಚುತ್ತವೆ. ಟಿಎನ್‌ಟಿ2 ಅಲ್ಟ್ರಾ, ಜಿಫೋರ್ಸ್ 256ರಂಥ ಹಸಿವಿನ ಕಾರ್ಡ್ ಹಾಕಿದಾಗ ಆ ರೆಗ್ಯುಲೇಟರ್ ಕೈ ಸುಡುವಷ್ಟು ಕಾಯುತ್ತದೆ. ಡೆಸ್ಕ್‌ಟಾಪ್ ಪರದೆ ಬರುತ್ತದೆ, ಆಟ ಶುರುವಾಗಿ ಐದು ನಿಮಿಷಕ್ಕೆ ಯಂತ್ರ ನಿಂತುಬಿಡುತ್ತದೆ. ಡ್ರೈವರ್ ಬದಲಿಸುತ್ತಾ ಕೂತರೆ ಇದು ವಾಸಿಯಾಗುವುದಿಲ್ಲ. ಸೂಪರ್ ಸಾಕೆಟ್ 7 (ಎಜಿಪಿ ಇರುವ, ಸಾಕೆಟ್ 7ರ ಸುಧಾರಿತ ರೂಪ) ಬೋರ್ಡಿನವರು ಜಿಫೋರ್ಸ್2 ಎಂಎಕ್ಸ್‌ನಂಥ ಮಿತಾಹಾರಿ ಕಾರ್ಡಿಗೆ ಒಲಿಯುವುದು ಮೇಲು.

ಎಸ್‌ಎಂಪಿಎಸ್ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ‘ಹೊಸದು 500 ವ್ಯಾಟ್, ಹಳೆಯದು 250, ಹಾಗಾದರೆ ಹೊಸದೇ ಸಾಕು’ ಎಂಬ ಲೆಕ್ಕ. ಈಗಿನ ಎಸ್‌ಎಂಪಿಎಸ್‌ನ ಬಲವೆಲ್ಲ 12 ವೋಲ್ಟಿನಲ್ಲಿದೆ. ಅನೇಕ ಅಥ್ಲಾನ್ ಎಕ್ಸ್‌ಪಿ, ಪೆಂಟಿಯಂ 3 ಬೋರ್ಡುಗಳು ಪ್ರೊಸೆಸರಿಗೂ 5 ವೋಲ್ಟಿನಿಂದಲೇ ಎಳೆಯುತ್ತವೆ. 70 ವ್ಯಾಟ್ ತಿನ್ನುವ ಅಥ್ಲಾನ್ ಎಂದುಕೊಳ್ಳಿ. ಬೋರ್ಡಿನ ಪರಿವರ್ತಕದ ದಕ್ಷತೆ ಶೇಕಡಾ 80 ಎಂದರೆ 5 ವೋಲ್ಟಿನಲ್ಲಿ 17 ಆಂಪಿಯರಿಗೂ ಹೆಚ್ಚು ಬೇಕಾಯಿತು, ಅದೂ ಪ್ರೊಸೆಸರೊಂದಕ್ಕೇ. ಹೊಸ ಎಸ್‌ಎಂಪಿಎಸ್‌ಗಳ 5 ವೋಲ್ಟ್ ಹೆಚ್ಚಾಗಿ 15–20 ಆಂಪಿಯರಿಗೆ ಮುಗಿಯುತ್ತದೆ. ಬೋರ್ಡಿನಲ್ಲಿ ಚೌಕಾಕಾರದ 4 ಪಿನ್ನಿನ 12 ವೋಲ್ಟ್ ಸಾಕೆಟ್ ಇಲ್ಲವೆಂದರೆ ಸಾಮಾನ್ಯವಾಗಿ ಅದು 5 ವೋಲ್ಟಿನ ಬೋರ್ಡು. ಅದಕ್ಕೆ ಲೇಬಲ್ಲಿನಲ್ಲಿ 5 ವೋಲ್ಟಿಗೆ 25ರಿಂದ 30 ಆಂಪಿಯರ್ ಬರೆದಿರುವ ಎಸ್‌ಎಂಪಿಎಸ್ ಹುಡುಕಿ. ಜೊತೆಗೇ ‘3.3 ಮತ್ತು 5 ಸೇರಿ ಗರಿಷ್ಠ ಇಷ್ಟು ವ್ಯಾಟ್’ ಎಂಬ ಸಾಲನ್ನೂ ಓದಿ. ನಿಜವಾದ ಮಿತಿ ಅದು.

ಇನ್ನೆರಡು ಮಾತು. ಹಳೆಯ ಕೆಲವು ಐಎಸ್‌ಎ ಸೌಂಡ್ ಕಾರ್ಡುಗಳು ಮೈನಸ್ 5 ವೋಲ್ಟ್ ಕೇಳುತ್ತವೆ, ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಅದಿಲ್ಲ. ಮತ್ತು 1990ರ ದಶಕದ ಕೊನೆಯ ಕೆಲವು ಬ್ರ್ಯಾಂಡೆಡ್ ಯಂತ್ರಗಳಲ್ಲಿ 20 ಪಿನ್ನಿನ ಕನೆಕ್ಟರ್ ನೋಡಲು ಎಟಿಎಕ್ಸ್‌ನಂತೆಯೇ ಇದ್ದರೂ ತಂತಿಗಳ ಜೋಡಣೆ ಬೇರೆ. ಎಸ್‌ಎಂಪಿಎಸ್ ಬದಲಿಸುವ ಮುನ್ನ ತಂತಿಯ ಬಣ್ಣಗಳನ್ನು ಪಿನ್ ಪಿನ್ನಾಗಿ ಹೋಲಿಸಿ. ಕೆಂಪು 5, ಹಳದಿ 12, ಕಿತ್ತಳೆ 3.3, ಕಪ್ಪು ಗ್ರೌಂಡ್. ಬಣ್ಣವನ್ನೇ ಬದಲಿಸಿರುವ ಸಾಧ್ಯತೆಯೂ ಇರುವುದರಿಂದ ಮಲ್ಟಿಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಿ.

ಪ್ರೊಸೆಸರಿಗೆ ತಕ್ಕ ಕಾರ್ಡ್

300 ಮೆಗಾಹರ್ಟ್ಸ್ ಪೆಂಟಿಯಂ 2ಕ್ಕೆ ಜಿಫೋರ್ಸ್4 ಟಿಐ ಹಾಕಿದರೆ ಕಾರ್ಡ್ ಪ್ರೊಸೆಸರಿಗಾಗಿ ಕಾಯುತ್ತಾ ಕೂರುತ್ತದೆ. 233ರಿಂದ 450 ಮೆಗಾಹರ್ಟ್ಸ್‌ಗೆ ವೂಡೂ3, ಟಿಎನ್‌ಟಿ2, ಮ್ಯಾಟ್ರಾಕ್ಸ್ ಜಿ400 ಹದವಾಗಿ ಹೊಂದುತ್ತವೆ. 500ರಿಂದ 1000 ಮೆಗಾಹರ್ಟ್ಸ್‌ಗೆ ಜಿಫೋರ್ಸ್ 256, ಜಿಫೋರ್ಸ್2 ಜಿಟಿಎಸ್, ಮೊದಲ ರೇಡಿಯಾನ್. ಅಥ್ಲಾನ್ ಎಕ್ಸ್‌ಪಿ ಮತ್ತು ಪೆಂಟಿಯಂ 4ಕ್ಕೆ ಜಿಫೋರ್ಸ್4 ಟಿಐ 4200, ರೇಡಿಯಾನ್ 9600 ಅಥವಾ 9700. ಗ್ಲೈಡ್ (3ಡಿಎಫ್‌ಎಕ್ಸ್ ಕಂಪನಿ ತನ್ನ ವೂಡೂ ಕಾರ್ಡುಗಳಿಗೆಂದೇ ಮಾಡಿದ 3ಡಿ ತಂತ್ರಾಂಶ) ಮೂಲಕ ನಡೆಯುವ ಆಟಗಳೇ ಮುಖ್ಯವಾದರೆ ಇದಾವುದೂ ಲೆಕ್ಕಕ್ಕಿಲ್ಲ, 3ಡಿಎಫ್‌ಎಕ್ಸ್ ಕಾರ್ಡೇ ಬೇಕು. ವೂಡೂ2 ಅಂತೂ ಬೇರೆ 2ಡಿ ಕಾರ್ಡಿನ ಜೊತೆಗೆ ಪಿಸಿಐ ಸ್ಲಾಟಿನಲ್ಲಿ ಕೂರುತ್ತದೆ. 2ಡಿ ಕಾರ್ಡಿನ ಚಿತ್ರ ಚಿಕ್ಕ ವಿಜಿಎ ಕೇಬಲ್ ಮೂಲಕ ವೂಡೂ2ಕ್ಕೆ ಹೋಗಿ ಅಲ್ಲಿಂದ ಮಾನಿಟರಿಗೆ ಬರುತ್ತದೆ. ಆ ಕೇಬಲ್ ಕಳಪೆಯಾದರೆ ಅಕ್ಷರಗಳು ಮಸುಕಾಗುತ್ತವೆ.

ಹೆಸರುಗಳಿಗೆ ಮರುಳಾಗಬೇಡಿ. ಜಿಫೋರ್ಸ್4 ಎಂಎಕ್ಸ್ ಹೆಸರಿನಲ್ಲಿ 4 ಇದ್ದರೂ ಅದು ಡೈರೆಕ್ಟ್‌ಎಕ್ಸ್ (ಆಟಗಳು ಕಾರ್ಡಿನೊಡನೆ ಮಾತಾಡಲು ಬಳಸುವ ವಿಂಡೋಸ್ ತಂತ್ರಾಂಶ) 7ರ ವರ್ಗದ್ದು. ಪ್ರತಿ ಚುಕ್ಕೆಯ ಬಣ್ಣ, ಬೆಳಕನ್ನು ಲೆಕ್ಕಹಾಕುವ ಪಿಕ್ಸೆಲ್ ಶೇಡರ್ ಅದರಲ್ಲಿಲ್ಲ, 2001ರ ಜಿಫೋರ್ಸ್3ರಲ್ಲಿದೆ. ಅದಕ್ಕಿಂತ ಮುಖ್ಯವಾದದ್ದು ಮೆಮೊರಿಯ ಅಗಲ. ಟಿಎನ್‌ಟಿ2 ಎಂ64, ರೇಡಿಯಾನ್ 9200 ಎಸ್‌ಇ 64 ಬಿಟ್‌ನವು. ಎಫ್‌ಎಕ್ಸ್ 5200 ಎರಡೂ ಬಗೆಯಲ್ಲಿ ಸಿಗುತ್ತದೆ. 64 ಬಿಟ್ ಕಾರ್ಡಿನಲ್ಲಿ ಮೆಮೊರಿ 128 ಮೆಗಾಬೈಟ್ ಇದ್ದರೂ ಪ್ರಯೋಜನವಿಲ್ಲ, ಕೊಳವೆಯೇ ಕಿರಿದು. ಉದ್ದನೆಯ, ಎರಡು ಬದಿಗೆ ಕಾಲುಗಳಿರುವ ಡಿಡಿಆರ್ ಚಿಪ್ಪುಗಳು ಸಾಮಾನ್ಯವಾಗಿ 16 ಬಿಟ್‌ನವು. ಕಾರ್ಡಿನ ಎರಡೂ ಮುಖ ಸೇರಿ ಅಂಥವು ನಾಲ್ಕೇ ಇದ್ದರೆ 64 ಬಿಟ್, ಎಂಟಿದ್ದರೆ ಹೆಚ್ಚಾಗಿ 128. ಕೊಳ್ಳುವ ಮುನ್ನ ಎರಡೂ ಬದಿಯ ಚಿತ್ರ ಕೇಳಿ, ಚಿಪ್ಪು ಎಣಿಸಿ.

ವಿಂಡೋಸ್ 98ರಲ್ಲಿ ಓಡಿಸುವುದಾದರೆ ಎನ್‌ವಿಡಿಯಾ ಕಾರ್ಡುಗಳಲ್ಲಿ ಜಿಫೋರ್ಸ್ ಎಫ್‌ಎಕ್ಸ್‌ವರೆಗೆ ನಿಲ್ಲುವುದು ಒಳ್ಳೆಯದು. 1990ರ ದಶಕದ ಕೆಲವು ಆಟಗಳಿಗೆ ಬೇಕಾದ 8 ಬಿಟ್ ಪ್ಯಾಲೆಟ್ ಟೆಕ್ಸ್ಚರ್ (3ಡಿ ಮೇಲ್ಮೈಗೆ ಹೊದಿಸುವ, 256 ಬಣ್ಣದ ಪಟ್ಟಿ ಬಳಸುವ ಚಿತ್ರ) ಸೌಲಭ್ಯ ಆ ಸಾಲಿನ ನಂತರ ಇಲ್ಲ.

ಬಂದ ಕಾರ್ಡನ್ನು ಪರೀಕ್ಷಿಸುವುದು

ಭೂತಗನ್ನಡಿ ಹಿಡಿದು ಅಂಚುಗಳಿಂದ ಶುರುಮಾಡಿ. ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕಾರ್ಡುಗಳ ಅಂಚಿನ ಸಾಸಿವೆಗಾತ್ರದ ಕೆಪಾಸಿಟರ್, ರೆಸಿಸ್ಟರ್‌ಗಳು ಕಿತ್ತುಹೋಗಿರುತ್ತವೆ. ಬೆಸುಗೆಯ ಎರಡು ಚುಕ್ಕೆ ಉಳಿದು ನಡುವೆ ಖಾಲಿ ಇದ್ದರೆ ಅದೇ ಗುರುತು, ಆದರೆ ಕಾರ್ಖಾನೆಯಲ್ಲೇ ಖಾಲಿ ಬಿಟ್ಟ ಜಾಗಗಳೂ ಇರುತ್ತವೆ. ಅವುಗಳ ಬೆಸುಗೆ ಸಮತಟ್ಟಾಗಿ ಹೊಳೆಯುತ್ತದೆ, ಕಿತ್ತುಹೋದದ್ದು ಒರಟಾಗಿರುತ್ತದೆ. ಸಿಲಿಂಡರ್ ಆಕಾರದ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಕಲೆ ಇದೆಯೇ ನೋಡಿ. 2000ದ ಆಸುಪಾಸಿನಿಂದ ಕೆಲವು ವರ್ಷ ಕಳಪೆ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರುಗಳು ವ್ಯಾಪಕವಾಗಿ ಬಳಕೆಯಾದವು. ಮದರ್‌ಬೋರ್ಡಿನಲ್ಲೂ ಇದೇ ತಪಾಸಣೆ ಆಗಬೇಕು, ವಿಶೇಷವಾಗಿ ಪ್ರೊಸೆಸರ್ ಮತ್ತು ಎಜಿಪಿ ಸ್ಲಾಟಿನ ಸುತ್ತ. ಬದಲಿಸುವಾಗ ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿಯ, ಕಡಿಮೆ ಇಎಸ್‌ಆರ್ (ಒಳ ಪ್ರತಿರೋಧ) ಇರುವುದನ್ನೇ ಹಾಕಿ. ಪಟ್ಟೆ ಇರುವ ಬದಿ ಮೈನಸ್.

ಕಾರ್ಡಿನಲ್ಲಿ ಪ್ರತ್ಯೇಕ ಪವರ್ ಸಾಕೆಟ್ ಇದ್ದರೆ ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು 12 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ, 5 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ಅಳೆಯಿರಿ. ಸೊನ್ನೆ ತೋರಿಸಿದರೆ ಶಾರ್ಟ್ ಇದೆ, ಆ ಕಾರ್ಡನ್ನು ಯಂತ್ರಕ್ಕೆ ಹಾಕಬೇಡಿ.

ಚಿನ್ನದ ಬಣ್ಣದ ಸಂಪರ್ಕಗಳನ್ನು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಇದೆ. ಕಪ್ಪು ಬಿಡದಿದ್ದಾಗ ಮಾತ್ರ ಮೆತ್ತನೆಯ ಬಿಳಿ ರಬ್ಬರಿನಿಂದ ಎರಡು ಮೂರು ಸಲ ಸಾಕು, ಚಿನ್ನದ ಲೇಪ ಬಹಳ ತೆಳು. ಸ್ಲಾಟಿನ ಒಳಗಿನ ದೂಳನ್ನು ಗಾಳಿ ಊದಿ ತೆಗೆಯಿರಿ, ಬಾಯಿಂದ ಊದಬೇಡಿ.

ಹೀಟ್‌ಸಿಂಕ್ ಪಿನ್ನು ಅಥವಾ ಸ್ಕ್ರೂಗಳಿಂದ ನಿಂತಿದ್ದರೆ ಬಿಚ್ಚಿ, ಒಣಗಿ ಸುಣ್ಣದಂತಾದ ಹಳೆ ಪೇಸ್ಟ್ ಒರೆಸಿ, ಅಕ್ಕಿಕಾಳು ಗಾತ್ರದಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿ. ವೂಡೂ3ರಂಥ ಕಾರ್ಡುಗಳಲ್ಲಿ ಅದನ್ನು ಗಟ್ಟಿ ಅಂಟಿನಿಂದ ಕೂರಿಸಿರುತ್ತಾರೆ. ಎಬ್ಬಲು ಹೋದರೆ ಚಿಪ್ಪೇ ಹಲಗೆಯಿಂದ ಬರಬಹುದು. ಅದನ್ನು ಹಾಗೇ ಬಿಟ್ಟು, 80 ಮಿಲಿಮೀಟರಿನ ಒಂದು ಫ್ಯಾನನ್ನು ಕಾರ್ಡಿನ ಕಡೆಗೆ ಗಾಳಿ ಬೀಸುವಂತೆ ಕಟ್ಟಿ. ಕಾರ್ಡಿನದೇ 40 ಮಿಲಿಮೀಟರ್ ಫ್ಯಾನ್ ಕಿರುಗುಟ್ಟುತ್ತಿದ್ದರೆ ಎಣ್ಣೆ ಬಿಡುವುದು ಕೆಲವು ವಾರದ ಮಾತು, ಹೊಸದನ್ನೇ ಹಾಕಿ. ಸತ್ತ ಕಾರ್ಡನ್ನು ಒಲೆಯಲ್ಲಿ ಬೇಯಿಸುವ ಉಪಾಯ ಎಲ್ಲ ಕಡೆ ಹಬ್ಬಿದೆ. ಅದನ್ನು ಮಾಡಬೇಡಿ. ಆ ಕಾಲದ ಬೆಸುಗೆಯಲ್ಲಿ ಸೀಸವಿದೆ, ಅಡುಗೆಯ ಒಲೆ ಅದಕ್ಕೆ ಜಾಗವಲ್ಲ. ಕಾರ್ಡ್ ಎದ್ದರೂ ಬಹುಕಾಲ ಬಾಳುವುದಿಲ್ಲ.

ಯಂತ್ರ ಆಫ್ ಮಾಡುವ ಮುನ್ನ

ಹಾರ್ಡ್ ಡಿಸ್ಕಿನ ಪೂರ್ತಿ ನಕಲು ತೆಗೆದಿಡಿ. ನಂತರ ಬೇಕಾಗುವುದನ್ನೆಲ್ಲ ಈಗಲೇ ಡಿಸ್ಕಿಗೆ ಹಾಕಿಕೊಳ್ಳಿ: ಚಿಪ್‌ಸೆಟ್ ಡ್ರೈವರ್, ಗ್ರಾಫಿಕ್ಸ್ ಡ್ರೈವರ್, ಡೈರೆಕ್ಟ್‌ಎಕ್ಸ್, ವಿಂಡೋಸ್ 98ರ ಸಿಡಿಯಲ್ಲಿರುವ ‘ವಿನ್98’ ಫೋಲ್ಡರ್. ಕಾರ್ಡ್ ಗುರುತಿಸುವಾಗ ವಿಂಡೋಸ್ ಆ ಫೈಲುಗಳನ್ನು ಕೇಳುತ್ತದೆ. ಪೆನ್ ಡ್ರೈವ್ ನೆಚ್ಚಿಕೊಂಡರೆ ಆಗದು, 98ಕ್ಕೆ ಅದನ್ನು ಓದುವ ಡ್ರೈವರ್ ತಾನಾಗಿ ಇರುವುದಿಲ್ಲ.

‘ಆಡ್/ರಿಮೂವ್ ಪ್ರೋಗ್ರಾಮ್ಸ್’ನಲ್ಲಿ ಹಳೆಯ ಕಾರ್ಡಿನ ಡ್ರೈವರ್ ತೆಗೆಯಿರಿ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರನ್ನು ‘ಸ್ಟ್ಯಾಂಡರ್ಡ್ ಪಿಸಿಐ ಗ್ರಾಫಿಕ್ಸ್ ಅಡಾಪ್ಟರ್’ಗೆ ಬದಲಿಸಿ, 640×480, 16 ಬಣ್ಣಕ್ಕೆ ಇಳಿಸಿ, ಯಂತ್ರ ಆರಿಸಿ. ಹಳೆಯ ಡ್ರೈವರ್ ಹಾಗೇ ಉಳಿದರೆ ಹೊಸ ಕಾರ್ಡಿನ ಮೇಲೆ ಹಳೆಯದರ ಫೈಲುಗಳು ಏರಲು ಹೋಗಿ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ.

ಕಾರ್ಡ್ ಹಾಕುವುದು

1. ಗೋಡೆಯ ಸಾಕೆಟ್ಟಿನಿಂದ ಪ್ಲಗ್ ಕೀಳಿ, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಎಟಿಎಕ್ಸ್ ಯಂತ್ರ ಆರಿದ್ದರೂ ಪ್ಲಗ್ ಇರುವ ತನಕ ಬೋರ್ಡಿನಲ್ಲಿ 5 ವೋಲ್ಟ್ ನಿಂತಿರುತ್ತದೆ, ಆಗ ಕಾರ್ಡ್ ಎಳೆದರೆ ಕೆಡುತ್ತದೆ. ಎಟಿ ಯಂತ್ರದಲ್ಲಿ ಅಪಾಯ ಬೇರೆ: ಮುಂಭಾಗದ ಸ್ವಿಚ್ಚಿಗೆ ಮನೆಯ ಕರೆಂಟೇ ಬರುತ್ತದೆ. ಪ್ಲಗ್ ಕೀಳದೆ ಆ ತಂತಿಗಳ ಹತ್ತಿರ ಕೈ ಒಯ್ಯಬೇಡಿ.

2. ಸ್ಥಾಯಿ ವಿದ್ಯುತ್ ತಡೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ ಅದರ ಕ್ಲಿಪ್ಪನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಪಟ್ಟಿ ಇಲ್ಲದಿದ್ದರೆ ಕೆಲಸದ ನಡುನಡುವೆ ಆ ಲೋಹ ಮುಟ್ಟುತ್ತಿರಿ.

3. ಹಳೆಯ ಕಾರ್ಡಿನ ಸ್ಕ್ರೂ ಬಿಚ್ಚಿ. 4ಎಕ್ಸ್, 8ಎಕ್ಸ್ ಬೋರ್ಡುಗಳಲ್ಲಿ ಸ್ಲಾಟಿನ ತುದಿಗೊಂದು ಕೊಕ್ಕೆ ಇರುತ್ತದೆ. ಅದನ್ನು ಬಿಡಿಸದೆ ಎಳೆದರೆ ಸ್ಲಾಟ್ ಒಡೆಯುತ್ತದೆ. ಕಾರ್ಡನ್ನು ಎರಡೂ ತುದಿ ಹಿಡಿದು ನೇರ ಮೇಲಕ್ಕೆ ಎತ್ತಿ, ಅಡ್ಡ ಆಡಿಸಬೇಡಿ.

4. ಹೊಸ ಕಾರ್ಡನ್ನು ಸ್ಲಾಟಿನ ಪಕ್ಕ ಹಿಡಿದು ಜಾಗ ನೋಡಿ. ಅದರ ಹೀಟ್‌ಸಿಂಕ್ ಬೋರ್ಡಿನ ಎತ್ತರದ ಕೆಪಾಸಿಟರಿಗೆ ತಾಗಬಾರದು. ಉದ್ದದ ಕಾರ್ಡುಗಳು ಮೆಮೊರಿ ಸ್ಲಾಟಿನ ಹಿಡಿಕೆಗಳನ್ನು ಮುಚ್ಚುತ್ತವೆ. ಮೆಮೊರಿ ಸೇರಿಸುವುದಿದ್ದರೆ ಈಗಲೇ ಸೇರಿಸಿ.

5. ಬೆರಳುಗಳಿಂದ ಸಮನಾಗಿ ಒತ್ತಿ ಕೂರಿಸಿ, ಕೊಕ್ಕೆ ಬಿದ್ದಿತೇ ನೋಡಿ. ಈಗ ಸ್ಕ್ರೂ ಬಿಗಿಯಿರಿ. ಬಿಗಿಯುವಾಗ ಬ್ರ್ಯಾಕೆಟ್ ಎಳೆದಂತಾಗಿ ಕಾರ್ಡಿನ ಒಳತುದಿ ಮೇಲೇಳುವುದು ತೀರಾ ಸಾಮಾನ್ಯ. ಚಿನ್ನದ ಪಟ್ಟಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಂಡರೆ ಬ್ರ್ಯಾಕೆಟ್ಟನ್ನು ತುಸು ಬಾಗಿಸಿ ಮತ್ತೆ ಕೂರಿಸಿ.

6. ಪವರ್ ಸಾಕೆಟ್ ಇರುವ ಕಾರ್ಡಿಗೆ ತಂತಿ ಕೊಡಿ. ರೇಡಿಯಾನ್ 9700 ಪ್ರೊ ಫ್ಲಾಪಿ ಡ್ರೈವಿನ ಸಣ್ಣ ಪ್ಲಗ್ ಕೇಳುತ್ತದೆ. ಇದನ್ನು ಒಂದು ಪಿನ್ ಪಕ್ಕಕ್ಕೆ ಅಥವಾ ತಿರುಗುಮುರುಗಾಗಿ ಒತ್ತಿಬಿಡಲು ಸಾಧ್ಯ. ಹಾಗಾದರೆ 5 ವೋಲ್ಟಿನ ಜಾಗಕ್ಕೆ 12 ಹೋಗುತ್ತದೆ. ಟಾರ್ಚ್ ಹಿಡಿದು ನೋಡಿಕೊಂಡೇ ಸಿಕ್ಕಿಸಿ.

7. ಎಜಿಪಿಯ ಪಕ್ಕದ ಮೊದಲ ಪಿಸಿಐ ಸ್ಲಾಟನ್ನು ಖಾಲಿ ಬಿಡಿ. ಗಾಳಿಗೂ ಒಳ್ಳೆಯದು, ಅನೇಕ ಬೋರ್ಡುಗಳಲ್ಲಿ ಇವೆರಡೂ ಒಂದೇ ಐಆರ್‌ಕ್ಯು (ಪ್ರೊಸೆಸರಿನ ಗಮನ ಕೇಳುವ ಸಾಲು) ಹಂಚಿಕೊಳ್ಳುವುದೂ ಉಂಟು. ಸೌಂಡ್ ಕಾರ್ಡ್ ಅಲ್ಲಿದ್ದರೆ ಆಟದ ನಡುವೆ ಸದ್ದು ತೊದಲುತ್ತದೆ.

ಕ್ಯಾಬಿನೆಟ್ ಮುಚ್ಚದೆ ಒಮ್ಮೆ ಹಚ್ಚಿ ನೋಡಿ. ಕಾರ್ಡಿನ ಫ್ಯಾನ್ ತಿರುಗದಿದ್ದರೆ ತಕ್ಷಣ ಆರಿಸಿ. ಬಯೋಸ್ ಎಂದರೆ ಯಂತ್ರ ಹಚ್ಚಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಅವಾರ್ಡ್ ಬಯೋಸ್ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೊಟ್ಟರೆ, ಎಎಂಐ ಬಯೋಸ್ ಎಂಟು ಬೀಪ್ ಕೊಟ್ಟರೆ ಗ್ರಾಫಿಕ್ಸ್ ಕಾರ್ಡ್ ಸಿಗಲಿಲ್ಲ ಎಂದರ್ಥ. ಹೆಚ್ಚಿನ ಸಲ ಅದು ಸರಿಯಾಗಿ ಕೂರದ ಕಾರ್ಡ್.

ಬಯೋಸ್

ಬೋರ್ಡಿನಲ್ಲೇ ಗ್ರಾಫಿಕ್ಸ್ ಇದ್ದರೆ ‘ಇನಿಟ್ ಡಿಸ್‌ಪ್ಲೇ ಫಸ್ಟ್’ ಅನ್ನು ಎಜಿಪಿಗೆ ಅಥವಾ ಪಿಸಿಐಗೆ ಇಡಿ. ಇದನ್ನು ಕಾರ್ಡ್ ಹಾಕುವ ಮೊದಲೇ ಮಾಡಿಡುವುದು ಜಾಣತನ. ಕೆಲವು ಬೋರ್ಡುಗಳಲ್ಲಿ ಜಂಪರ್ ಬದಲಿಸಬೇಕು. ‘ಅಸೈನ್ ಐಆರ್‌ಕ್ಯು ಫಾರ್ ವಿಜಿಎ’ ಚಾಲೂ ಇರಲಿ. ‘ಎಜಿಪಿ ಅಪರ್ಚರ್ ಸೈಜ್’ 64 ಮೆಗಾಬೈಟ್ ಸಾಕು. ಇದು ಕಾರ್ಡಿನ ಮೆಮೊರಿ ಅಲ್ಲ, ಟೆಕ್ಸ್ಚರಿಗಾಗಿ ಮೀಸಲಿಡಬಹುದಾದ ವಿಳಾಸಗಳ ಮಿತಿ. ಹೆಚ್ಚಿಸಿದರೆ ವೇಗ ಬರುವುದಿಲ್ಲ. ‘ಫಾಸ್ಟ್ ರೈಟ್ಸ್’ ಅನ್ನು ಮುಚ್ಚಿಡಿ. ಅದರಿಂದ ಸಿಗುವ ಲಾಭ ನಗಣ್ಯ, ತರುವ ತಂಟೆ ಹೆಚ್ಚು. ವಯಾ ಚಿಪ್‌ಸೆಟ್ಟಿನಲ್ಲಿ 4ಎಕ್ಸ್ ಅಸ್ಥಿರವಾದರೆ 2ಎಕ್ಸ್‌ಗೆ ಇಳಿಸಿ ನೋಡಿ. ಬಳಕೆಯಲ್ಲಿ ವ್ಯತ್ಯಾಸ ಕಾಣುವುದೇ ಕಡಿಮೆ.

440ಬಿಎಕ್ಸ್ ಬೋರ್ಡನ್ನು 133 ಮೆಗಾಹರ್ಟ್ಸ್ ಬಸ್‌ನಲ್ಲಿ ಓಡಿಸುವವರಿಗೆ ಒಂದು ಮಾತು. ಆ ಚಿಪ್‌ಸೆಟ್ಟಿಗೆ ಎಜಿಪಿಯ ವೇಗವನ್ನು ಮೂರನೇ ಎರಡಕ್ಕಿಂತ ಕೆಳಗೆ ಭಾಗಿಸಲು ಬರುವುದಿಲ್ಲ, ಹಾಗಾಗಿ 66 ಇರಬೇಕಾದ ಎಜಿಪಿ 89 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಜಿಫೋರ್ಸ್ ಕಾರ್ಡುಗಳು ಹೆಚ್ಚಾಗಿ ತಡೆದುಕೊಳ್ಳುತ್ತವೆ, ಎಲ್ಲ ಕಾರ್ಡುಗಳೂ ಅಲ್ಲ.

ಯಂತ್ರ ಆರಿಸಿದಾಗಲೆಲ್ಲ ಈ ಹೊಂದಿಕೆಗಳು ಅಳಿಸಿಹೋಗುತ್ತಿದ್ದರೆ ಸಿಆರ್2032 ಬ್ಯಾಟರಿ ಬದಲಿಸಿ.

ಡ್ರೈವರ್: ಕ್ರಮ ತಪ್ಪಬಾರದು

ಮೊದಲು ಚಿಪ್‌ಸೆಟ್, ಆಮೇಲೆ ಡೈರೆಕ್ಟ್‌ಎಕ್ಸ್, ಕೊನೆಗೆ ಗ್ರಾಫಿಕ್ಸ್. ಚಿಪ್‌ಸೆಟ್ ಡ್ರೈವರ್ ಎಂದರೆ ವಯಾ ಬೋರ್ಡಿಗೆ ‘4ಇನ್1’, ಇಂಟೆಲ್‌ಗೆ ಅದರ ಐಎನ್‌ಎಫ್ ಪ್ಯಾಕೇಜ್. ಎಜಿಪಿಯನ್ನು ವಿಂಡೋಸ್‌ಗೆ ಪರಿಚಯಿಸುವ ಫೈಲು ಇವುಗಳಲ್ಲಿದೆ. ಇದನ್ನು ಬಿಟ್ಟರೆ ಕಾರ್ಡ್ ಪಿಸಿಐ ಕಾರ್ಡಿನಂತೆ ನಡೆಯುತ್ತದೆ, ಇಲ್ಲವೇ 3ಡಿ ಶುರುವಾದೊಡನೆ ಯಂತ್ರ ಹಿಡಿದುಕೊಳ್ಳುತ್ತದೆ. ಪ್ರತಿ ಹಂತದ ನಂತರ ರೀಸ್ಟಾರ್ಟ್ ಮಾಡಿ.

ಹೊಸ ಡ್ರೈವರೇ ಒಳ್ಳೆಯ ಡ್ರೈವರ್ ಎಂಬ ನಂಬಿಕೆ ಇಲ್ಲಿ ನಡೆಯದು. ವಿಂಡೋಸ್ 98ಕ್ಕೆ ಎನ್‌ವಿಡಿಯಾ ಅಧಿಕೃತವಾಗಿ ಕೊಟ್ಟ ಕೊನೆಯದು 81.98. ಆದರೆ ಜಿಫೋರ್ಸ್3, ಜಿಫೋರ್ಸ್4, ಎಫ್‌ಎಕ್ಸ್‌ಗಳಿಗೆ 45.23 ಹೆಚ್ಚು ಹಗುರ, ಹೆಚ್ಚು ಸ್ಥಿರ. ಎಟಿಐ ಕಾರ್ಡುಗಳಿಗೆ 98ರಲ್ಲಿ ಕ್ಯಾಟಲಿಸ್ಟ್ 6.2 ಕೊನೆಯದು. ವೂಡೂ3ಕ್ಕೆ 3ಡಿಎಫ್‌ಎಕ್ಸ್‌ನದೇ 1.07.00 ಸಾಕು.

98ರಲ್ಲಿ 512 ಮೆಗಾಬೈಟ್ ಅಥವಾ ಹೆಚ್ಚು ಮೆಮೊರಿ ಇದ್ದು, ಹೊಸ ಕಾರ್ಡ್ ಹಾಕಿದ ಮೇಲೆ ‘ಮೆಮೊರಿ ಸಾಲದು’ ಎಂದು ವಿಂಡೋಸ್ ಮೇಲೇಳದಿದ್ದರೆ ಗಾಬರಿ ಬೇಡ. ಡಿಸ್ಕಿನ ಕ್ಯಾಶ್ ಮತ್ತು ಎಜಿಪಿ ಅಪರ್ಚರ್ ಎರಡೂ ಒಂದೇ ವಿಳಾಸ ಪ್ರದೇಶಕ್ಕೆ ಕಾದಾಡುತ್ತಿವೆ. ಅಪರ್ಚರ್ ಕಡಿಮೆ ಮಾಡಿ. ‘ಸಿಸ್ಟಂ.ಐಎನ್‌ಐ’ ಫೈಲಿನ ‘ವಿಕ್ಯಾಶ್’ ವಿಭಾಗದಲ್ಲಿ ‘ಮ್ಯಾಕ್ಸ್‌ಫೈಲ್‌ಕ್ಯಾಶ್’ ಮೌಲ್ಯವನ್ನು 393216 ಎಂದು ಬರೆಯಿರಿ. ಲೆಕ್ಕ ಕಿಲೋಬೈಟಿನಲ್ಲಿದೆ.

ಓಡಿಸಿ ನೋಡುವುದು, ಕೆಟ್ಟರೆ ಓದುವುದು

ಡೈರೆಕ್ಟ್‌ಎಕ್ಸ್ ಜೊತೆಗೇ ಬರುವ ‘ಡಿಎಕ್ಸ್‌ಡಯಾಗ್’ ಪರೀಕ್ಷಾ ತಂತ್ರಾಂಶ ತೆರೆದು ಡಿಸ್‌ಪ್ಲೇ ಪುಟದಲ್ಲಿ ಡೈರೆಕ್ಟ್‌ಡ್ರಾ, ಡೈರೆಕ್ಟ್3ಡಿ, ಎಜಿಪಿ ಟೆಕ್ಸ್ಚರ್ ಮೂರೂ ಚಾಲೂ ಇವೆಯೇ ನೋಡಿ. ಮೂರನೆಯದು ಮಾತ್ರ ‘ಲಭ್ಯವಿಲ್ಲ’ ಎಂದರೆ ಚಿಪ್‌ಸೆಟ್ ಡ್ರೈವರ್ ಕೂತಿಲ್ಲ. ವೂಡೂ3ರಲ್ಲಿ ಹಾಗೆ ಕಂಡರೆ ಅದು ದೋಷವಲ್ಲ, ಆ ಕಾರ್ಡಿಗೆ ಎಜಿಪಿ ಟೆಕ್ಸ್ಚರಿಂಗ್ ಇಲ್ಲ. ನಂತರ ಯಾವುದಾದರೂ 3ಡಿ ಡೆಮೊವನ್ನು ಒಂದು ಗಂಟೆ ಸುತ್ತು ಹಾಕಿಸಿ. ಅದು ಓಡುತ್ತಿರುವಾಗಲೇ ಖಾಲಿ ಡ್ರೈವ್ ಪ್ಲಗ್ಗಿನಲ್ಲಿ ವೋಲ್ಟ್ ಅಳೆಯಿರಿ: 5 ವೋಲ್ಟ್ 4.75ಕ್ಕಿಂತ, 12 ವೋಲ್ಟ್ 11.4ಕ್ಕಿಂತ ಇಳಿಯಬಾರದು. ಸುಮ್ಮನಿರುವ ಯಂತ್ರದಲ್ಲಿ ಅಳೆದ ಸಂಖ್ಯೆಗೆ ಬೆಲೆಯಿಲ್ಲ.

ದೋಷ ಯಾವಾಗ ಕಾಣಿಸುತ್ತದೆ ಎಂಬುದರಲ್ಲೇ ಅದರ ಕಾರಣ ಅಡಗಿದೆ. ಬಯೋಸ್ ಪರದೆಯಲ್ಲೇ ಅಕ್ಷರಗಳ ನಡುವೆ ಬಣ್ಣದ ಚುಕ್ಕೆ, ಗೆರೆಗಳಿದ್ದರೆ ಕಾರ್ಡಿನ ಮೆಮೊರಿ ಅಥವಾ ಅದರ ಬೆಸುಗೆ ಕೆಟ್ಟಿದೆ, ಸಾಫ್ಟ್‌ವೇರಿನಿಂದ ಸರಿಹೋಗದು. ಹತ್ತು ನಿಮಿಷದ ನಂತರ ಚುಕ್ಕೆ ಬಂದು ಆರಿಸಿ ತಣಿಸಿದರೆ ಹೋಗುತ್ತಿದ್ದರೆ ಬಿಸಿ. 2ಡಿಯಲ್ಲಿ ಇಡೀ ದಿನ ನಡೆದು 3ಡಿಯಲ್ಲಿ ಮಾತ್ರ ನಿಂತರೆ ಎಜಿಪಿ ಹೊಂದಿಕೆ ಅಥವಾ ಕರೆಂಟ್. ಇವೆರಡರಲ್ಲಿ ಯಾವುದೆಂದು ತಿಳಿಯಲು ಎಜಿಪಿಯನ್ನು 1ಎಕ್ಸ್‌ಗೆ ಇಳಿಸಿ. ಆಗಲೂ ನಿಂತರೆ ಎಸ್‌ಎಂಪಿಎಸ್ ಮತ್ತು ರೆಗ್ಯುಲೇಟರ್ ಕಡೆ ನೋಡಿ. ವಿಂಡೋಸ್ ಲಾಂಛನ ಬಂದು ಆಮೇಲೆ ಮಾನಿಟರ್ ‘ಔಟ್ ಆಫ್ ರೇಂಜ್’ ಎಂದರೆ ಡ್ರೈವರ್ 85 ಹರ್ಟ್ಸ್ ಕಳಿಸುತ್ತಿದೆ. ಎಲ್‌ಸಿಡಿ ಅದನ್ನು ಒಪ್ಪುವುದಿಲ್ಲ, ಸೇಫ್ ಮೋಡಿಗೆ ಹೋಗಿ 60 ಹರ್ಟ್ಸ್‌ಗೆ ಇಳಿಸಿ.

98ರಲ್ಲಿ ಯಂತ್ರ ಏಳುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದರೆ ಸೇಫ್ ಮೋಡಿನ ಪಟ್ಟಿ ಬರುತ್ತದೆ. ಅಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ಈ ಹಿಂದೆ ಹಾಕಿದ್ದ ಎಲ್ಲ ಕಾರ್ಡುಗಳ ನೆರಳುಗಳೂ ಕಾಣುತ್ತವೆ. ಡಿಸ್‌ಪ್ಲೇ ಅಡಾಪ್ಟರ್ ಅಡಿಯಲ್ಲಿರುವುದನ್ನೆಲ್ಲ ಅಳಿಸಿ ಮತ್ತೆ ಚಿಪ್‌ಸೆಟ್ ಡ್ರೈವರಿನಿಂದಲೇ ಶುರುಮಾಡಿ. ತೆಗೆದ ಹಳೆಯ ಕಾರ್ಡನ್ನು ಸ್ಥಾಯಿ ವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿ, ಅದರ ವೋಲ್ಟ್ ಮತ್ತು ಕೆಲಸ ಮಾಡಿದ ಡ್ರೈವರಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಹೊಸ ಕಾರ್ಡ್ ಹಟ ಮಾಡಿದ ದಿನ ದೋಷ ಬೋರ್ಡಿನದೋ ಕಾರ್ಡಿನದೋ ಎಂದು ಹೇಳಬಲ್ಲದ್ದು ಅದೊಂದೇ.